ಕಪ್ಪಿಗೆ ಮೊದಲು ಕೆಂಪು

ನನ್ನ ಪಾರ್ಲರಿನಲ್ಲಿ ತಲೆ ತೊಳೆಯುವ ಬೇಸಿನ್ನಿನ ಪಕ್ಕ ಒಂದು ಸ್ಟೀಲ್ ಚೊಂಬಿದೆ. ಅದರ ಹೊಟ್ಟೆ ಒಂದು ಕಡೆ ಒಳಕ್ಕೆ ಹೋಗಿದೆ. ಹೊಸದು ತರಬಾರದೇ ಎಂದು ಕೇಳಿದವರಿಗೆಲ್ಲ ನಾನು ಬಹಳ ದಿನ ಅದರ ಕಥೆ ಹೇಳುತ್ತಿದ್ದೆ, ಉಪ್ಪು ಖಾರ ಹಚ್ಚಿಯೇ ಹೇಳುತ್ತಿದ್ದೆ. ಗಂಡಸೊಬ್ಬನ ಕಿವಿಯ ಮೇಲೆ ಬಾರಿಸಿದ್ದು ಎಂದ ಕೂಡಲೇ ಹೆಂಗಸರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳುತ್ತಿದ್ದರು. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ಬರೆದಿಡೋಣ ಅಂತ ಕೂತಿದ್ದೇನೆ.

ಶ್ರೀನಿವಾಸಪುರದಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮೇಲೆ, ಎರಡು ಕುರ್ಚಿಯ ಪಾರ್ಲರು ನನ್ನದು. ಕೆಲಸ ಕಲಿತದ್ದು ಕೋಲಾರದಲ್ಲಿ. ಅದಕ್ಕೆ ಮೊದಲು ಮಾಲೂರಿನಲ್ಲಿ ಏಳು ವರ್ಷ ಸಂಸಾರ ಮಾಡಿದೆ. ಅಲ್ಲಿ ನನ್ನ ಗಂಡ ಮಾತು ಶುರು ಮಾಡುವುದಕ್ಕೆ ಮೊದಲು ನನ್ನ ಜಡೆಗೆ ಕೈ ಹಾಕುತ್ತಿದ್ದ. ಬಿಟ್ಟು ಬಂದ ವಾರವೇ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡೆ, ಇವತ್ತಿಗೂ ಅಷ್ಟೇ ಇದೆ. ಊರಿಗೆಲ್ಲ ಜಡೆ ಹಾಕುವವಳಿಗೆ ತನಗೇ ಜಡೆ ಇಲ್ಲ ಎಂದು ಗಿರಾಕಿಗಳು ರೇಗಿಸುತ್ತಾರೆ. ನಾನೂ ನಗುತ್ತೇನೆ. ಆದರೆ ಕೈ ಎತ್ತುವ ಗಂಡಸನ್ನು ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಅದು ಮಾವಿನ ಸುಗ್ಗಿ. ಮಂಡಿಗೆ ಹೋಗುವ ಟ್ರಾಕ್ಟರುಗಳು ರಸ್ತೆ ತುಂಬಾ ನಿಂತಿದ್ದವು. ಹನ್ನೆರಡು ಗಂಟೆಯ ಹೊತ್ತಿಗೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಹಿಂದೆಯೇ ಅವಳ ಅಣ್ಣ. ಹೆಂಗಸರ ಪಾರ್ಲರು ಎಂದು ಗಂಡಸರು ಕೆಳಗೇ ನಿಲ್ಲುತ್ತಾರೆ. ಇವನು ಪರದೆ ಸರಿಸಿ ಒಳಗೆ ಬಂದು, ಅವಳ ಭುಜ ಹಿಡಿದು ಕುರ್ಚಿಗೆ ತಳ್ಳಿದ.

“ಐದು ಗಂಟೆಗೆ ಬರ್ತೀನಿ. ಕಪ್ಪಾಗಿರ್ಬೇಕು,” ಎಂದ. “ಆಗ್ಲಿಲ್ಲ ಅಂದ್ರೆ ನಾನೇ ಬೋಳಿಸ್ತೀನಿ.”

ಬರಿ ಬಾಯಿಮಾತಲ್ಲ ಎಂದು ತೋರಿಸುವುದಕ್ಕೆ ಜೇಬಿನಿಂದ ಬ್ಲೇಡಿನ ಪೊಟ್ಟಣ ತೆಗೆದು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು ಇಳಿದು ಹೋದ.

ಹುಡುಗಿ ರಾಯಲ್ಪಾಡಿನ ಕಡೆಯವಳು. ನರಸಾಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಗೆಳತಿಯರ ಜೊತೆ ಒಂದು ರೂಮು. ಆರು ತಿಂಗಳ ಹಿಂದೆ ತನ್ನ ಸಂಬಳದಲ್ಲಿ ಕೂದಲಿಗೆ ಜೇನಿನ ಬಣ್ಣ ಮಾಡಿಸಿಕೊಂಡಿದ್ದಳು. ಅಲ್ಲಿಂದ ಈಚೆಗೆ ಊರಿಗೆ ಬಂದಿರಲಿಲ್ಲ. ಮಾರನೆಯ ಬೆಳಿಗ್ಗೆ ಮುಳಬಾಗಿಲಿನಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದರು, ಅದಕ್ಕೆಂದು ಕರೆಸಿಕೊಂಡಿದ್ದರು. ಬಂದವಳ ತಲೆ ಕಂಡದ್ದೇ ಅಣ್ಣನಿಗೆ ದೆವ್ವ ಹೊಕ್ಕ ಹಾಗಾಗಿತ್ತು.

ದುಪಟ್ಟಾ ಬಿಚ್ಚಿದಾಗ ನನಗೇ ಕೈ ಓಡಲಿಲ್ಲ. ಅಣ್ಣ ಅವಳ ತಲೆಯನ್ನು ಬಚ್ಚಲ ಕಲ್ಲಿಗೆ ಅದುಮಿ ಹಿಡಿದು, ಬಟ್ಟೆ ಒಗೆಯುವ ಸೋಪಿನ ಪುಡಿ ಸುರಿದು, ಬಟ್ಟೆ ಉಜ್ಜುವ ಬ್ರಶ್ಶಿನಲ್ಲೇ ಉಜ್ಜಿದ್ದ. ಬಣ್ಣ ಮೆತ್ತಿಕೊಂಡಿದೆ, ಉಜ್ಜಿದರೆ ಹೋಗುತ್ತದೆ ಎಂಬುದು ಅವನ ತಿಳಿವಳಿಕೆ. ಹೋಗದಿದ್ದಾಗ, ಅಪ್ಪ ಮೀಸೆಗೆ ಹಚ್ಚುವ ಕಪ್ಪು ಪುಡಿಯನ್ನು ಅಮ್ಮನ ಕೈಯಲ್ಲಿ ಮೆತ್ತಿಸಿದ್ದ. ಅದು ಅರ್ಧ ಹಿಡಿದು ಅರ್ಧ ಬಿಟ್ಟು, ಕೂದಲ ತುದಿಯೆಲ್ಲ ಕೆರೆಯ ಪಾಚಿಯ ಹಾಗೆ ಹಸಿರಾಗಿತ್ತು. ನೆತ್ತಿಯ ಚರ್ಮ ತರಚಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಾನು ಬೆರಳು ಇಟ್ಟ ಕಡೆಯೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು.

“ಅಕ್ಕ, ಕತ್ತರಿ ಮಾತ್ರ ಹಾಕ್ಬೇಡಿ,” ಎಂದಳು. “ಗಿಡ್ಡ ಆದ್ರೂ ಅವನು ಬೋಳಿಸ್ತಾನೆ. ಬೋಳಿಸಿದ್ರೆ ಊರಿಗೆ ಕಾಣ್ಬಾರ್ದು ಅಂತ ಮನೇಲೇ ಕೂಡಾಕ್ತಾರೆ. ಮತ್ತೆ ಕೆಲ್ಸಕ್ಕೆ ಕಳ್ಸಲ್ಲ.”

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಜೇನಿನ ಬಣ್ಣ ಎನ್ನುವುದು ಮೇಲೆ ಮೆತ್ತಿದ್ದಲ್ಲ, ಒಳಗಿದ್ದ ಕಪ್ಪನ್ನು ತೆಗೆದದ್ದು. ಉಜ್ಜಿ ತೊಳೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಹಾಗೆ ಪೊಳ್ಳಾದ ಕೂದಲಿಗೆ ನೇರವಾಗಿ ಕಪ್ಪು ಹಚ್ಚಿದರೆ ಬೂದಿ ತಿರುಗುತ್ತದೆ, ಹಸಿರು ತಿರುಗುತ್ತದೆ, ನಾಲ್ಕು ಸ್ನಾನಕ್ಕೆ ಇಳಿದು ಹೋಗುತ್ತದೆ. ಕಪ್ಪು ನಿಲ್ಲಬೇಕಾದರೆ ಮೊದಲು ಕೆಂಪು ತುಂಬಬೇಕು. ನಮ್ಮ ಕರಿಕೂದಲಿನ ಒಳಗಿರುವುದೂ ಆ ಕೆಂಪೇ. ಅದು ಕೂತ ಮೇಲೆ ಗಾಢ ಕಂದು ಹಾಕಬೇಕೇ ಹೊರತು ಅಪ್ಪಟ ಕಪ್ಪಲ್ಲ. ಪೊಳ್ಳು ಕೂದಲು ಬಣ್ಣವನ್ನು ಹೆಚ್ಚಾಗಿ ಕುಡಿದು ತಾನೇ ಕಪ್ಪಾಗುತ್ತದೆ. ಇಷ್ಟನ್ನೂ ನಾನು ಅವಳ ಅಣ್ಣನನ್ನು ನಿಲ್ಲಿಸಿ ಹೇಳಬೇಕಿತ್ತು. ಹೇಳಲಿಲ್ಲ. ಆ ಮುಖ ನೋಡಿದ ಮೇಲೆ ಅವನ ಜೊತೆ ಮಾತಾಡುವ ಮನಸ್ಸೇ ಬರಲಿಲ್ಲ.

ಒಂದು ಪುಣ್ಯವೆಂದರೆ ಬುಡದಲ್ಲಿ ನಾಲ್ಕು ಬೆರಳಿನಷ್ಟು ಅವಳದೇ ಕಪ್ಪು ಬೆಳೆದಿತ್ತು. ಬಣ್ಣ ನೆತ್ತಿಗೆ ಸೋಕುವ ಅಗತ್ಯ ಇರಲಿಲ್ಲ. ತಣ್ಣೀರಿನಲ್ಲಿ ತೊಳೆದು, ತರಚಿದ ಜಾಗಕ್ಕೆಲ್ಲ ಕೊಬ್ಬರಿ ಎಣ್ಣೆ ಸವರಿದೆ. ಆಮೇಲೆ ಕಿವಿಯ ಹಿಂದಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದೆ. ಒದ್ದೆ ಕೂದಲನ್ನು ಎಳೆದರೆ ಅದು ಹಿಗ್ಗಿ ವಾಪಸು ಬರಬೇಕು. ಹಿಗ್ಗಿ ಅಂಟಿನ ಹಾಗೆ ಜೋತುಬಿದ್ದರೆ ಅದರ ಕಥೆ ಮುಗಿಯಿತು. ಅವಳದು ಹಿಗ್ಗಿತು, ತಡಮಾಡಿ ವಾಪಸು ಬಂತು. ಇನ್ನೂ ಜೀವ ಇದೆ ಕಣೇ ಎಂದೆ. ಅಷ್ಟು ಹೊತ್ತು ಅಳದವಳು ಆಗ ಅತ್ತಳು.

ಅಮೋನಿಯಾ ಇಲ್ಲದ ತಾಮ್ರಗೆಂಪನ್ನು ಎಳೆ ಎಳೆಯಾಗಿ ಹಚ್ಚಿದೆ. ಅರ್ಧ ಗಂಟೆ ಬಿಟ್ಟು ಬೇಸಿನ್ನಿಗೆ ಒರಗಿಸಿ ಚೊಂಬಿನಲ್ಲಿ ನೀರು ಹಾಕಿ ತೊಳೆದೆ. ಹಸಿರೆಲ್ಲ ಅಡಗಿ ತಲೆ ತುಂಬಾ ಕೆಂಪು ಒಂದೇ ಸಮನೆ ಕೂತಿತ್ತು. ಅಷ್ಟರಲ್ಲಿ ಪರದೆ ಕಿತ್ತುಕೊಂಡು ಬಂತು.

ಗಂಟೆ ಇನ್ನೂ ಮೂರೂ ಆಗಿರಲಿಲ್ಲ. ಅಣ್ಣ ಆ ಕೆಂಪನ್ನು ನೋಡಿದ. ಕಪ್ಪು ಮಾಡು ಅಂದರೆ ಇಬ್ಬರೂ ಸೇರಿ ನನ್ನನ್ನು ಆಟ ಆಡಿಸ್ತಿದ್ದೀರಾ ಎಂದು ತೆಲುಗಿನಲ್ಲಿ ಬೈಯುತ್ತಾ ನುಗ್ಗಿದ. ಬೇಸಿನ್ನಿನಲ್ಲಿ ಇಳಿಬಿದ್ದಿದ್ದ ಒದ್ದೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಅವಳನ್ನು ಮೇಲಕ್ಕೆಳೆದ, ಮತ್ತೆ ಕೆಳಕ್ಕೆ ಕುಕ್ಕಿದ. ಬೇಸಿನ್ನಿನ ಅಂಚು ಅವಳ ತಲೆಗೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಹಾಗೆ ಕೇಳಿತು. ಎರಡನೆಯ ಸಲ ಕುಕ್ಕಿದ. ನೀರು ಮೊದಲೇ ಕೆಂಪಗಿತ್ತು. ಅದರಲ್ಲಿ ಬಣ್ಣ ಎಷ್ಟು, ರಕ್ತ ಎಷ್ಟು ಎಂದು ಗೊತ್ತಾಗಲಿಲ್ಲ.

ನಾನು ಅವನ ಅಂಗಿ ಹಿಡಿದೆಳೆದೆ. ಮೊಣಕೈಯಲ್ಲಿ ನನ್ನ ಎದೆಗೆ ಗುದ್ದಿದ. ಒಂದು ಕೈಯಲ್ಲಿ ಅವಳ ಕೂದಲು ಬಿಡದೆ ಇನ್ನೊಂದು ಕೈಯನ್ನು ಕನ್ನಡಿಯ ಹಲಗೆಗೆ ಚಾಚಿ ಬ್ಲೇಡಿನ ಪೊಟ್ಟಣ ಎತ್ತಿಕೊಂಡು ಹಲ್ಲಿನಲ್ಲಿ ಕಚ್ಚಿ ಹರಿದ. ಆಗ ನಾನು ಚೊಂಬು ಎತ್ತಿದೆ. ನೀರು ತುಂಬಿದ್ದ ಚೊಂಬು. ಇದ್ದಬದ್ದ ಬಲವೆಲ್ಲ ಸೇರಿಸಿ ಅವನ ಕಿವಿಯ ಮೇಲೆ ಬೀಸಿದೆ. ಬ್ಲೇಡು ಬಿತ್ತು, ಕೂದಲು ಬಿಟ್ಟ. ಸುಳ್ಳು ಯಾಕೆ, ಅವನ ಕಿವಿಯಿಂದ ಕೆನ್ನೆಗೆ ಇಳಿದ ರಕ್ತ ಕಂಡು ನನಗೆ ಸಂತೋಷವಾಯಿತು. ಆ ಏಟು ಅವನೊಬ್ಬನಿಗೆ ಬಿದ್ದದ್ದಲ್ಲ, ಅದರಲ್ಲಿ ಅರ್ಧ ಮಾಲೂರಿನ ನನ್ನ ಗಂಡನಿಗೆ ಹೋಗಬೇಕಾಗಿದ್ದದ್ದು. ಇನ್ನೊಂದು ಹಾಕಿದೆ. ಅದನ್ನು ಅವನು ಮೊಣಕೈಯಲ್ಲಿ ತಡೆದ. ಚೊಂಬು ಬಗ್ಗಿದ್ದು ಆಗಲೇ.

ಅವನು ನನ್ನ ಕುತ್ತಿಗೆ ಹಿಡಿದು ಕನ್ನಡಿಗೆ ಒತ್ತಿದ. ಕನ್ನಡಿ ಒಡೆದು ಚೂರು ನನ್ನ ಅಂಗೈಗೆ ಹೊಕ್ಕಿತು. ಉಸಿರು ಕಟ್ಟಿ ಕಣ್ಣು ಮಂಜಾಗುವಷ್ಟರಲ್ಲಿ ಕೆಳಗಿನ ಗೊಬ್ಬರದ ಅಂಗಡಿಯವರು ಏನದು ಗಲಾಟೆ ಎಂದು ಮೆಟ್ಟಿಲ ಬುಡದಿಂದ ಕೂಗಿದರು. ಅವನ ಕೈ ಸಡಿಲವಾಯಿತು. ತಂಗಿಯ ಪ್ರಾಣಕ್ಕೆ ಹೆದರದವನು ನಾಲ್ಕು ಜನಕ್ಕೆ ಹೆದರಿದ. ಕಪ್ಪು ನಿಲ್ಲಬೇಕಾದರೆ ಮೊದಲು ಕೆಂಪು ಹಾಕಬೇಕು ಎಂದು ಆಗ ಕಿರುಚಿದೆ. ಹನ್ನೆರಡು ಗಂಟೆಗೇ ಆಡಬೇಕಿದ್ದ ಮಾತು. ಅವನು ಕಿವಿಗೆ ಕರ್ಚೀಫು ಒತ್ತಿಕೊಂಡು, ಐದು ಗಂಟೆ ಎಂದಷ್ಟೇ ಹೇಳಿ ಇಳಿದು ಹೋದ.

ನಾನು ಪೊಲೀಸರಿಗೆ ಫೋನು ಮಾಡಲು ಹೊರಟೆ. ಹುಡುಗಿ ನನ್ನ ಮಣಿಕಟ್ಟು ಹಿಡಿದಳು.

“ವದ್ದಕ್ಕಾ, ಬೇಡ,” ಎಂದಳು. “ಸ್ಟೇಷನ್‌ನಿಂದ ನಾನು ವಾಪಸ್ ಹೋಗ್ಬೇಕಾಗಿರೋದು ಆ ಮನೆಗೇ. ಕಪ್ಪು ಮಾಡಿ ಕಳ್ಸಿ.”

ಅವಳ ಎಡಗಿವಿಯ ಮೇಲೆ ಒಂದು ಅಂಗುಲ ಚರ್ಮ ಸೀಳಿತ್ತು. ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸೋಣ ಎಂದರೂ ಕೇಳಲಿಲ್ಲ. ಬಟ್ಟೆ ಒತ್ತಿ ರಕ್ತ ನಿಲ್ಲಿಸಿದೆ. ನನ್ನ ಅಂಗೈಗೆ ಪಟ್ಟಿ ಸುತ್ತಿ ಮೇಲೆ ಗ್ಲೌಸು ಹಾಕಿಕೊಂಡೆ. ಗಾಯದ ಸುತ್ತ ಜಾಗ ಬಿಟ್ಟು ಗಾಢ ಕಂದು ಹಚ್ಚಿದೆ. ಗ್ಲೌಸಿನೊಳಗೆ ಬೆರಳುಗಳು ರಕ್ತದಲ್ಲಿ ಜಾರುತ್ತಿದ್ದವು. ಅರ್ಧ ಗಂಟೆ ಬಿಟ್ಟು ತೊಳೆದೆ. ಬಿಸಿಗಾಳಿ ಹಾಕದೆ, ಟವೆಲಿನಲ್ಲಿ ಒತ್ತಿ ಒತ್ತಿ ನೀರು ತೆಗೆದು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬಿಡಿಸಿದೆ. ಒಂದು ತುಂಡೂ ಉದುರಲಿಲ್ಲ. ಜಡೆ ಹಾಕಿದೆ. ಹುಟ್ಟಿದಾಗಿನಿಂದ ಹಾಗೇ ಇತ್ತೇನೋ ಎನ್ನುವಂಥ ಕಪ್ಪು.

ಐದು ಗಂಟೆಗೆ ಸರಿಯಾಗಿ ಅಣ್ಣ ಬಂದ. ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಜೋರಾಗಿ ಜಗ್ಗಿದ. ಅವಳ ಕತ್ತು ಹಿಂದಕ್ಕೆ ಬಾಗಿತು. ಇನ್ನೊಮ್ಮೆ ಜಗ್ಗಿ, ಅಂಗೈ ಬಿಡಿಸಿ ಬಣ್ಣ ಅಂಟಿದೆಯೇ ಎಂದು ನೋಡಿಕೊಂಡ. ಬಣ್ಣವೂ ಅಂಟಿರಲಿಲ್ಲ, ಒಂದು ಎಳೆಯೂ ಕಿತ್ತು ಬಂದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು. ಅವನು ನನ್ನ ಮುಖ ನೋಡದೆ ತಂಗಿಯನ್ನು ಕರೆದುಕೊಂಡು ಹೋದ. ಅವನು ತಲೆ ತಗ್ಗಿಸಿ ಹೋದ ಎಂದು ನಾನು ಅಂದುಕೊಂಡೆ.

ಮುಂದಿನ ಎರಡು ತಿಂಗಳು ನನ್ನ ಬಾಯಿಗೆ ಬಿಡುವಿರಲಿಲ್ಲ. ಹುಬ್ಬು ತೀಡಿಸಿಕೊಳ್ಳಲು ಬಂದವರಿಗೂ ಚೊಂಬು ತೋರಿಸಿದೆ. ಅಂಥವರಿಗೆ ಹಾಗೇ ಮಾಡಬೇಕು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೌದೌದು ಎನ್ನುತ್ತಿದ್ದೆ. ಹೊಸ ಕನ್ನಡಿ ಹಾಕಿಸಿದೆ, ಚೊಂಬು ಮಾತ್ರ ಬದಲಾಯಿಸಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಅವಳು ಒಬ್ಬಳೇ ಬಂದಳು. ತಲೆಗೆ ಅದೇ ದುಪಟ್ಟಾ. ಬಿಚ್ಚಿದಳು. ನುಣ್ಣನೆ ತಲೆ, ಮೇಲೆ ಎಳ್ಳು ಚೆಲ್ಲಿದ ಹಾಗೆ ಆಗ ತಾನೇ ಚಿಗುರುತ್ತಿದ್ದ ಕೂದಲು. ಕೊನೆಗೂ ಬೋಳಿಸಿದನಾ ಎಂದು ನಾನು ಎದ್ದೇಬಿಟ್ಟೆ. ನಾಲ್ಕೂವರೆ ಗಂಟೆ ರಕ್ತ ಸುರಿಸಿ ಉಳಿಸಿದ ಕೂದಲು ಎಂದು ಹೊಟ್ಟೆ ಉರಿಯಿತು ಕೂಡಾ.

ಅವನಲ್ಲ, ತಿರುಪತಿಯಲ್ಲಿ ಮುಡಿ ಕೊಟ್ಟೆ ಎಂದಳು. ಮುಳಬಾಗಿಲಿನವರು ಒಪ್ಪಿದ್ದರಂತೆ, ಶ್ರಾವಣದಲ್ಲೇ ಮದುವೆ ಎಂದಿದ್ದರಂತೆ. ಆಗ ಇವಳು ಅಮ್ಮನಿಗೆ ಒಂದು ವಿಷಯ ತಿಳಿಸಿದಳು. ಹೋದ ವರ್ಷ ಅಣ್ಣ ಬೈಕಿನಿಂದ ಬಿದ್ದು ಮೂರು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದಾಗ, ಅವನು ಉಳಿದರೆ ಮುಡಿ ಕೊಡುತ್ತೇನೆ ಎಂದು ಸ್ವಾಮಿಗೆ ಹರಕೆ ಹೊತ್ತಿದ್ದೆ, ಮದುವೆಗೆ ಮೊದಲು ತೀರಿಸದಿದ್ದರೆ ಅವನಿಗೇ ಕೇಡು ಎಂದು. ನಮ್ಮ ಕಡೆ ಯಾವ ತಾಯಿ ಇದಕ್ಕೆ ಎದುರಾಡುತ್ತಾಳೆ? ಅಣ್ಣನೇ ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ಜೊತೆಯಲ್ಲಿ ಸಾಲಿನಲ್ಲಿ ನಿಂತು, ಬೋಳಿಸಿಕೊಂಡು ಬರುವ ತನಕ ಅವಳ ಬ್ಯಾಗು ಹಿಡಿದುಕೊಂಡಿದ್ದನಂತೆ. ಬೋಳುತಲೆಯ ಮದುವಣಗಿತ್ತಿ ಯಾರಿಗೆ ಬೇಕು? ಮದುವೆ ಮುಂದಿನ ವರ್ಷಕ್ಕೆ ಹೋಯಿತು. ಹರಕೆಯ ಬೋಳು ಅವಮಾನವಲ್ಲ, ಅಲ್ಲಿಯವರೆಗೆ ಕೆಲಸಕ್ಕೆ ಹೋಗಲಿ ಎಂದರು. ಕೂದಲು ಬೆಳೆಯುವುದರೊಳಗೆ ಹೊಸೂರಿನ ಕಡೆ ಕೆಲಸ ನೋಡಿಕೊಳ್ಳುತ್ತೇನೆ, ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ ಎಂದಳು.

ಹರಕೆ ನಿಜವಾ ಎಂದು ಕೇಳಿದೆ. ನಕ್ಕುಬಿಟ್ಟಳು. ನಾನೂ ಖುಷಿಯಿಂದ ನಕ್ಕು, ಹಳೆಯ ಅಭ್ಯಾಸಕ್ಕೆ ಚೊಂಬು ಎತ್ತಿ ತೋರಿಸಿ, ನೋಡು ಇನ್ನೂ ಇಟ್ಟುಕೊಂಡಿದ್ದೇನೆ ಎಂದೆ. ಅವಳ ನಗು ನಿಂತಿತು.

ಹತ್ತಿರ ಬಂದು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. ಎಡಗಿವಿಯ ಮೇಲೆ ಒಂದು ಗೆರೆ ಸಿಕ್ಕಿತು. ಅದು ಬೇಸಿನ್ನಿನ ಅಂಚಿನದು ಎಂದು ನನಗೆ ಗೊತ್ತಿತ್ತು. ಆಮೇಲೆ ನನ್ನ ಬೆರಳುಗಳನ್ನು ಹಿಂದಕ್ಕೆ, ಜಡೆ ಶುರುವಾಗುವ ಕಡೆಗೆ ಒಯ್ದಳು. ಅಲ್ಲಿ ಇನ್ನೊಂದು ಗೆರೆ, ಮೊದಲಿನದಕ್ಕಿಂತ ಉದ್ದ, ದಪ್ಪ. ಇದ್ಯಾವುದು ಎಂದೆ.

“ಅವತ್ತು ಮನೆಗೆ ಹೋದ್ಮೇಲೆ,” ಎಂದಳು. “ಅವನೂ ಚೊಂಬಲ್ಲೇ ಹೊಡ್ದ ಅಕ್ಕ. ನೀವು ಎರಡು ಸಲ ಹೊಡ್ದ್ರಿ ಅಂತ ಅವನು ನಾಲ್ಕು ಸಲ ಹೊಡ್ದ. ಮಾರನೇ ದಿನ ಅವರು ನೋಡೋಕ್ ಬಂದಾಗ ಏನೂ ಕಾಣ್ಲಿಲ್ಲ. ಕೂದ್ಲು ಚೆನ್ನಾಗಿ ಮುಚ್ಕೊಂಡಿತ್ತು.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ದುಪಟ್ಟಾ ಸುತ್ತಿಕೊಂಡು ಇಳಿದು ಹೋದಳು. ನಾನು ಕೈಯಲ್ಲಿದ್ದ ಚೊಂಬನ್ನು ಬೇಸಿನ್ನಿನ ಪಕ್ಕ ಇಟ್ಟೆ, ಬಗ್ಗಿದ ಬದಿಯನ್ನು ಗೋಡೆಯ ಕಡೆಗೆ ತಿರುಗಿಸಿ.