ಎಣ್ಣೆ ಹೊಡೆದ ಬದನೆ ತೋಟ

ಕಮಲಾಪುರದ ಬದನೆ ತೋಟಗಳಲ್ಲಿ ಹುಳಕ್ಕೆ ಹೊಡೆಯುವ ಎಣ್ಣೆ, ಕಾಯಿ ಕೀಳುವ ಹೆಂಗಸರ ಮೈಗೂ ಸೇರುತ್ತದೆಯೇ ಎಂದು ತಿಳಿಯಲು ಸಂಶೋಧನೆಗೆ ಬಂದಿದ್ದ ನಾವು ಅವರ ರಕ್ತ ಪರೀಕ್ಷೆ ಮಾಡುತ್ತಿದ್ದೆವು. ಆ ಹೆಂಗಸರ ಮುಂದಾಳು ನನ್ನನ್ನು ಒಂದು ದಿನವೂ ನಂಬಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, ನನ್ನ ಮುಖ ಬಿಟ್ಟು ಕೈಗಳನ್ನೇ ನೋಡುತ್ತಿದ್ದಳು. ಕಂಡಾಗೆಲ್ಲ ಒಂದೇ ಪ್ರಶ್ನೆ.

“ಖರೇ ಹೇಳ್ರಿ ಮೇಡಂ, ನಿಮಗ ಯಾರು ಕಳಿಸ್ಯಾರ? ಎಣ್ಣಿ ಮಾರೋರಾ, ನಮ್ಮ ಸಾವ್ಕಾರ್ರಾ?”

ಇಬ್ಬರೂ ಅಲ್ಲ ಎಂದೆ. “ಹಂಗಾದ್ರ ಮೊದಲ ನಿಮ್ಮ ರಕ್ತ ತೆಗೀರಿ” ಎಂದಳು. ನಾನು ತೋಳು ಚಾಚಿದೆ. ನನ್ನ ರಕ್ತ ಕಂಡ ಮೇಲೆಯೇ ಆಕೆ ತನ್ನ ಬಳೆಗಳನ್ನು ಮೇಲೆ ಸರಿಸಿದ್ದು.

ವರದಿ ಬಂದ ದಿನ ತೋಟದ ಸಾವ್ಕಾರರು ನನ್ನನ್ನು ಬದಿಗೆ ಕರೆದು, “ಕೂಲಿಯೋರಿಗಿ ಈಗೇನೂ ಹೇಳಬ್ಯಾಡ್ರಿ, ಈ ಸಲದ ಕಾಯಿ ಮುಗೀಲಿ” ಎಂದರು. ನಾನು ನೇರ ಆಕೆಯ ಹತ್ತಿರ ಹೋಗಿ, ಎಣ್ಣೆಯ ಪರಿಣಾಮ ರಕ್ತದಲ್ಲಿ ಕಾಣುತ್ತಿದೆ ಎಂದು ಹೇಳಿದೆ. ಆಕೆ ಅದನ್ನೂ ನಂಬಲಿಲ್ಲ. ಮರುದಿನ ಕೂಲಿ ಬಿಟ್ಟು ಕಲಬುರಗಿಯ ಬಸ್ಸು ಹತ್ತಿ, ಜೇವರ್ಗಿ ಕಾಲೋನಿಯ ಒಬ್ಬ ಡಾಕ್ಟರಿಗೆ ವರದಿ ತೋರಿಸಿದಳು. ಅವರ ಮೇಲೂ ಸಂಶಯ ಬಂದು ಇನ್ನೊಬ್ಬರ ಹತ್ತಿರ ಹೋದಳು. ಇಬ್ಬರೂ ನಾನು ಹೇಳಿದ್ದನ್ನೇ ಹೇಳಿದರು.

ಮತ್ತೆ ಎಣ್ಣೆ ಹೊಡೆದ ಮರುದಿನ ಸಾವ್ಕಾರರು ಕರೆಯಲು ಬಂದಾಗ ಹೆಂಗಸರೆಲ್ಲ ಆಕೆಯ ಮನೆ ಕಟ್ಟೆಯ ಮೇಲೆ ಕುಳಿತಿದ್ದರು.

“ಕಾಯಿ ಬಲಿತಾವ, ಇವತ್ತೇ ಕೀಳಬೇಕು” ಎಂದರು ಸಾವ್ಕಾರರು.

“ಎಣ್ಣಿ ವಾಸನಿ ಹೋಗೋತನ ನಾವು ಬರಂಗಿಲ್ಲರಿ. ಅವಸರ ಇದ್ರ ನೀವೇ ಕೀಳ್ರಿ” ಎಂದಳು ಆಕೆ.

ಸಾವ್ಕಾರರು ತೋಟದ ತನಕ ಹೋಗಿ ಬದುವಿನ ಮೇಲೆ ನಿಂತರು. ಒಳಗೆ ಇಳಿಯಲಿಲ್ಲ.