ಖಾಲಿ ಜಾಗ ಬಿಡದ ಬೋರ್ಡಣ್ಣ

ಬೋರ್ಡಣ್ಣನನ್ನು ಮೊದಲು ಕಂಡ ದಿನ ಅವನು ಶಾಲೆಯ ಗೇಟಿನ ಮುಂದೆ ಏಣಿ ಹತ್ತಿ ನಿಂತಿದ್ದ. ಶಾಲೆಯ ಹೆಸರನ್ನು ಬರೆದು ಮುಗಿಸಿ, ತಲೆಯನ್ನು ಅತ್ತಿತ್ತ ವಾಲಿಸಿ ನೋಡಿ, ಕೆಳಗಿದ್ದ ಹೆಡ್‌ಮಾಸ್ಟರಿಗೆ ಮೇಲಿನಿಂದಲೇ ಹೇಳಿದ: "ಸಾರ್, ಬಲಗಡೆ ಸ್ವಲ್ಪ ಜಾಗ ಉಳ್ಕೊಂಡಿದೆ. ಇನ್ನೊಂದು ಮಾತು ಕೊಡಿ."

"ಶಾಲೆ ಹೆಸರು ಅಷ್ಟೇ ಕಣಯ್ಯಾ. ಇಲ್ಲದ ಮಾತನ್ನ ಎಲ್ಲಿಂದ ತರಲಿ?"

"ಹಾಗಾದ್ರೆ ಒಂದು ಹೂವನ್ನಾದ್ರೂ ಬಿಡಿಸ್ತೀನಿ. ಖಾಲಿ ಬಿಟ್ರೆ ನನಗೆ ಊಟ ಸೇರಲ್ಲ."

ಹೂವು ಬಂತು, ಅದರ ಬೆನ್ನಿಗೇ ಒಂದು ದುಂಬಿಯೂ ಬಂತು. ದುಂಬಿ ಥೇಟ್ ಹೆಡ್‌ಮಾಸ್ಟರ ಮೀಸೆಯಂತಿದೆ ಎಂದು ಮಕ್ಕಳು ಬಹಳ ಕಾಲ ಮುಸಿಮುಸಿ ನಕ್ಕರು.

ಅಕ್ಷರ ಬರೆಯುವುದು ಅವನಿಗೆ ತಂದೆಯಿಂದ ಬಂದ ಕಸುಬು. ಬಣ್ಣ ಮುಟ್ಟುವ ಮೊದಲು ಹಲಗೆಯನ್ನೆಲ್ಲ ಸೀಮೆಸುಣ್ಣದ ಗೆರೆಗಳಿಂದ ಹಂಚಿಕೊಳ್ಳಬೇಕು. ಹಂಚಿದ ಮೇಲೆ ಯಾವ ಸಾಲನ್ನೂ ಬರಿದಾಗಿ ಬಿಡಕೂಡದು. ತಂದೆ ಕಲಿಸಿದ ಈ ಪಾಠವನ್ನು ಮಗ ಎಂದೂ ಮೀರಿದವನಲ್ಲ. ಅಂಗಡಿಯವರು ಇವನ ಹಟಕ್ಕೆ ತಲೆ ಚಚ್ಚಿಕೊಂಡರೂ ಬೋರ್ಡನ್ನು ಮಾತ್ರ ಇವನ ಕೈಯಲ್ಲೇ ಬರೆಸುತ್ತಿದ್ದರು.

ಅವನ ಹೆಂಡತಿಯದು ಅದೇ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿ. ಮನೆ ನಡೆಯುತ್ತಿದ್ದುದು ಹೆಚ್ಚಾಗಿ ಆ ಗಿರಣಿಯಿಂದಲೇ. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ಗಂಟಲು ಹೇಗೆ ಪಳಗಿತ್ತೆಂದರೆ, ಗಂಡನ ಕಿವಿಯಲ್ಲಿ ಹೇಳಿದ ಗುಟ್ಟು ಎದುರು ಮನೆಯ ಅಡುಗೆಮನೆಗೂ ತಲುಪುತ್ತಿತ್ತು.

ಒಂದು ಬೇಸಿಗೆಯಲ್ಲಿ ಚರಂಡಿ ಕಟ್ಟುತ್ತೇವೆಂದು ಬೀದಿಯನ್ನು ಉದ್ದಕ್ಕೂ ಅಗೆದರು. ಅಗೆದವರು ಮರುವಾರ ನಾಪತ್ತೆಯಾದರು. ಗಿರಣಿಯ ಬಾಗಿಲಿಗೆ ಅಡ್ಡಲಾಗಿ ಆಳುದ್ದದ ಗುಂಡಿ. ತಲೆಯ ಮೇಲೆ ಧಾನ್ಯ ಹೊತ್ತು ಬಂದವರು ಗುಂಡಿಯನ್ನೊಮ್ಮೆ ಇಣುಕಿ ನೋಡಿ, ಪಕ್ಕದ ಬೀದಿಯ ಗಿರಣಿಗೆ ನಡೆದುಬಿಡುತ್ತಿದ್ದರು. ಕೆಲಸ ಯಾವಾಗ ಮುಗಿಯುತ್ತದೆಂದು ಹೇಳುವವರೇ ಇರಲಿಲ್ಲ. ಮಳೆಗಾಲದವರೆಗೂ ಹೀಗೇ ನಡೆದರೆ ಗಿರಣಿಯನ್ನು ಮಾರದೆ ಗತಿಯಿಲ್ಲವೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಪುರಸಭೆಯ ಕಚೇರಿಯಿಂದ ಬೋರ್ಡಣ್ಣನಿಗೆ ಕರೆ ಬಂತು. ಸಾರ್ವಜನಿಕ ಕಾಮಗಾರಿ ನಡೆಯುವಲ್ಲೆಲ್ಲ ಅದರ ವಿವರದ ಹಲಗೆ ಇರಬೇಕೆಂಬುದು ನಿಯಮ. ಕಾಮಗಾರಿಯ ಹೆಸರು, ವೆಚ್ಚ, ಗುತ್ತಿಗೆದಾರ, ಆರಂಭದ ದಿನ, ಎಲ್ಲವನ್ನೂ ಎಂಜಿನಿಯರು ಕೊಟ್ಟರು. 'ಮುಗಿಯುವ ದಿನ' ಎಂಬುದರ ಮುಂದೆ ಮಾತ್ರ ಏನೂ ಇರಲಿಲ್ಲ.

"ಇದೊಂದು ಸಾಲು, ಸಾರ್?"

"ಅದು ಖಾಲಿ ಇರಲಿ ಬಿಡಯ್ಯಾ."

ಅವನ ಮುಖ ಸಪ್ಪಗಾಯಿತು. ಮನೆಗೆ ಬಂದು ಹೇಳಿದಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ರೀ, ನಿಮ್ಮ ಬೋರ್ಡಿಗೆ ಬೇಡದಿದ್ರೂ ಆ ತಾರೀಕು ನನಗೆ ಬೇಕು. ಕೇಳ್ಕೊಂಡು ಬನ್ನಿ."

ಮರುದಿನ ಎಂಜಿನಿಯರು ಇರಲಿಲ್ಲ. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ದನಿ ತಗ್ಗಿಸಿದ: "ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ ಮಾರಾಯಾ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಉತ್ತರ ಕೊಡ್ಲೇಬೇಕು. ನಿನಗ್ಯಾಕೆ ಅಂತ ಕೇಳೋ ಹಾಗೂ ಇಲ್ಲ."

ಬೋರ್ಡಣ್ಣ ಅರ್ಜಿ ಬರೆದ. ಕೇಳಬೇಕಾದುದು ಒಂದೇ ಪ್ರಶ್ನೆ. ಹಾಳೆಯಲ್ಲಿ ಬೇಕಾದಷ್ಟು ಜಾಗ ಉಳಿಯಿತು. ಸುತ್ತಲೂ ಬಳ್ಳಿ ಬಿಡಿಸಿದ.

"ಇದೇನು, ಅರ್ಜಿಯೋ ಮದುವೆ ಕಾಗದವೋ?" ಎಂದ ಗುಮಾಸ್ತ, ಮೊಹರು ಒತ್ತುತ್ತಾ.

ಉತ್ತರವೇನೋ ಅಂಚೆಯಲ್ಲಿ ಬಂತು. 'ಈ ಕಚೇರಿಯಲ್ಲಿ ಮಾಹಿತಿ ಲಭ್ಯವಿರುವುದಿಲ್ಲ' ಎಂಬ ಒಂದೇ ವಾಕ್ಯ. ಕೆಳಗೆ ಎಂಜಿನಿಯರ ಸಹಿ. ಹೆಂಡತಿ ಓದಿ ಹಲ್ಲು ಕಡಿದಳು. ಬೋರ್ಡಣ್ಣನ ಮುಖ ಮಾತ್ರ ಅರಳಿತು. ಹಲಗೆಯಲ್ಲಿ ಖಾಲಿ ಉಳಿದಿದ್ದ ಸಾಲಿನ ಅಳತೆಗೆ ಆ ವಾಕ್ಯ ಹೇಳಿಮಾಡಿಸಿದಂತೆ ಹೊಂದುತ್ತಿತ್ತು.

ಸಂಜೆಯೊಳಗೆ ಗುಂಡಿಯ ಪಕ್ಕದಲ್ಲಿ ಹಲಗೆ ಎದ್ದು ನಿಂತಿತು. ಹಳದಿಯ ಮೇಲೆ ಕಪ್ಪು, ಕೊನೆಯ ಸಾಲು ಕೆಂಪು: ಮುಗಿಯುವ ದಿನ: ಈ ಕಚೇರಿಯಲ್ಲಿ ಮಾಹಿತಿ ಲಭ್ಯವಿರುವುದಿಲ್ಲ.

"ಬೇಕಂತಲೇ ಬರೆದ್ರಾ?" ಎಂದಳು ಹೆಂಡತಿ.

"ಕೊಟ್ಟ ಮ್ಯಾಟರ್ ಬರೆದೆ ಕಣೇ. ನನ್ನದೇನಿದೆ ಅದರಲ್ಲಿ?"

ಬೀದಿಗೆ ಹಬ್ಬವಾಯಿತು. ಕ್ಷೌರದಂಗಡಿಯಲ್ಲಿ "ನನ್ನ ಸರದಿ ಯಾವಾಗಪ್ಪಾ?" ಎಂದವರಿಗೆ ಅದೇ ಉತ್ತರ. ಹೋಂವರ್ಕ್ ಎಲ್ಲಿ ಎಂದರೆ ಮಕ್ಕಳದೂ ಅದೇ ಉತ್ತರ. ಸುದ್ದಿ ಕಿವಿಯಿಂದ ಕಿವಿಗೆ ಹಾದು ಪುರಸಭೆಯ ಮೆಟ್ಟಿಲನ್ನೂ ಹತ್ತಿತು. ಎಂಜಿನಿಯರು ಸ್ಕೂಟರಿನಲ್ಲಿ ಧಾವಿಸಿ ಬಂದರು.

"ಏನಯ್ಯಾ ಇದು? ಮೊದಲು ಅಳಿಸು."

"ಅಳಿಸ್ತೀನಿ ಸಾರ್. ಆ ಜಾಗಕ್ಕೆ ಏನು ಬರೀಲಿ?"

"ಏನೂ ಬೇಡ."

"ಖಾಲಿ ಬಿಡೋ ಅಭ್ಯಾಸ ಇಲ್ಲ ಸಾರ್. ಇದು ನಿಮ್ಮದೇ ಮಾತು, ನಿಮ್ಮದೇ ಸಹಿ. ನಾನು ಬಣ್ಣ ಹಚ್ಚಿದೆ ಅಷ್ಟೇ."

ಅಷ್ಟರಲ್ಲಿ ಹೆಂಡತಿ ಗುಂಡಿಯ ಆಚೆಯಿಂದ ಬಾಯಿಗೆ ಸೆರಗು ಅಡ್ಡ ಹಿಡಿದು, ತಾನು ಪಿಸುಗುಟ್ಟುತ್ತಿರುವೆನೆಂದೇ ನಂಬಿ ಹೇಳಿದಳು: "ಸಾರ್, ಯಾರಿಗೂ ಕೇಳಿಸೋದು ಬೇಡ, ನನಗೊಬ್ಬಳಿಗೆ ಹೇಳಿಬಿಡಿ. ಗಿರಣಿ ಇಟ್ಕೊಳ್ಳಲಾ, ಮಾರಲಾ?"

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಎಂಜಿನಿಯರಿಗೂ ನಗು ತಡೆಯಲಾಗಲಿಲ್ಲ. ಆದರೆ ಆಕೆ ನಗುತ್ತಿರಲಿಲ್ಲ. ಅವರು ಅವಳ ಹಿಂದೆ ಸದ್ದಡಗಿ ಕುಳಿತ ಗಿರಣಿಯನ್ನು ನೋಡಿದರು. ಆಮೇಲೆ ನಿಂತಲ್ಲಿಂದಲೇ ಗುತ್ತಿಗೆದಾರನಿಗೆ ಫೋನು ಹಚ್ಚಿದರು. ಅವನು ಆಳುಗಳನ್ನು ಬೇರೊಂದು ಕೆಲಸಕ್ಕೆ ಸಾಗಿಸಿದ್ದ. ಕೇಳುವವರಿರಲಿಲ್ಲ, ಹಾಗಾಗಿ ಹೇಳಿರಲೂ ಇಲ್ಲ. ಮಾತು ಜೋರಾಯಿತು, ತಣ್ಣಗಾಯಿತು, ಕೊನೆಗೆ ಒಂದು ತಾರೀಕು ಹೊರಬಿತ್ತು.

ಬೋರ್ಡಣ್ಣ ಕುಂಚ ಅದ್ದಿದ.

"ಅಕಸ್ಮಾತ್ ಆ ದಿನಕ್ಕೆ ಮುಗೀದಿದ್ರೆ?" ಎಂದರು ಎಂಜಿನಿಯರು.

"ಬೋರ್ಡು ಇಲ್ಲೇ ಇರುತ್ತೆ ಸಾರ್."

ಒಂದೆರಡು ದಿನ ತಡವಾಯಿತು, ಅಷ್ಟೇ. ಚಪ್ಪಡಿ ಹಾಸಿದ ಬೆಳಗ್ಗೆ ಗಿರಣಿಯ ಮುಂದೆ ಡಬ್ಬಗಳ ಸಾಲು ನಿಂತಿತು. ಯಂತ್ರ ತಿರುಗತೊಡಗಿದ ಮೇಲೆ, ಎಷ್ಟೋ ದಿನಗಳ ನಂತರ, ಆಕೆಯ ಗುಟ್ಟು ಎದುರು ಮನೆಗೆ ಕೇಳಿಸಲಿಲ್ಲ.

ಜನ ಕೇಳುವ ಮೊದಲೇ ಎಲ್ಲವನ್ನೂ ಬರೆಸಿಬಿಡೋಣವೆಂದು ಪುರಸಭೆಯೇ ಕರೆಸಿದ್ದರಿಂದ, ಈಗ ಕಚೇರಿಯ ಹೊರಗೋಡೆಯ ಉದ್ದಕ್ಕೂ ಬೋರ್ಡಣ್ಣನ ಏಣಿ ಸರಿಯುತ್ತಿದೆ. ಯಾವ ಕೆಲಸಕ್ಕೆ ಯಾರನ್ನು ಕಾಣಬೇಕು, ಎಷ್ಟು ದಿನದಲ್ಲಿ ಆಗಬೇಕು, ಯಾವ ಬೀದಿಗೆ ಎಷ್ಟು ಖರ್ಚಾಯಿತು ಎಂಬುದನ್ನೆಲ್ಲ ಜನರಿಗೆ ಕಾಣುವಂತೆ ಬರೆಯುತ್ತಿದ್ದಾನೆ. ಬರಹ ಬಹಳ ನಿಧಾನ. ದಾರಿಹೋಕರು ನಿಂತು ಓದುತ್ತಾರೆ, ಓದಲು ಬಾರದ ಅಜ್ಜಿಯರು "ನಮ್ಮ ಪಿಂಚಣಿದು ಎಲ್ಲಿ ಬರೆದಿದ್ದೀಯಪ್ಪಾ?" ಎನ್ನುತ್ತಾರೆ. ಪ್ರತಿ ಸಲವೂ ಅವನು ಏಣಿಯಿಂದಿಳಿದು, ಕುಂಚದ ಹಿಡಿಯಿಂದ ಒಂದೊಂದೇ ಪದವನ್ನು ಮುಟ್ಟಿ ತೋರಿಸಿ ಓದಿ ಹೇಳುತ್ತಾನೆ.