ಅವಸರದ ಸೀಟಿ

ಅಥವಾ ಆ ರೆಫ್ರಿಯ ಕೊರಳ ಸೀಟಿಯ ದಾರ ಕೆಂಪಗಿರಲೇ ಇಲ್ಲವೇನೋ, ಆ ಬಣ್ಣವನ್ನು ಆಮೇಲೆ ನಾನೇ ಬಳಿದಿರಬಹುದು, ನನ್ನ ನೆನಪನ್ನು ನಾನು ನಂಬುವುದಿಲ್ಲ. ಚಂದ್ರಾ ಲೇಔಟಿನ ನಮ್ಮ ಪಕ್ಕದ ಮನೆಯವರು ಐಸ್ ಹಾಕಿ ಆಟದ ರೆಫ್ರಿ. ಅವರು ಐಸ್ ಮೇಲೆ ನಿಂತದ್ದು ಒಮ್ಮೆ ಮಾತ್ರ, ಯಾವುದೋ ಮಾಲ್‌ನಲ್ಲಿ, ಕಂಬಿ ಹಿಡಿದುಕೊಂಡು. ಮಿಕ್ಕಿದ್ದೆಲ್ಲ ಆನ್‌ಲೈನ್ ಕೋರ್ಸು, ನಾಗರಬಾವಿಯ ಸಿಮೆಂಟ್ ನೆಲ, ಚಕ್ರದ ಸ್ಕೇಟು. "ರೂಲ್ ಅಂದ್ರೆ ರೂಲು" ಎಂದು ಹಾಲಿನವನಿಗೂ ಹೇಳುತ್ತಿದ್ದರು.

ರೆಫ್ರಿಯಾಗಿ ಅವರ ಬಡ್ತಿಗಾಗಿ ಪರೀಕ್ಷಕರು ಬಂದ ದಿನ ಅದೇ ಸಿಮೆಂಟ್ ನೆಲದ ಮೇಲೆ ನನ್ನ ಮಗಳೂ ಆಡುತ್ತಿದ್ದಳು. ಎದುರಾಳಿ ಅವಳನ್ನು ಬೀಳಿಸಿದಳು. ಬೀಳುತ್ತಲೇ ಇವಳು ರಬ್ಬರ್ ಬಿಲ್ಲೆಯನ್ನು ಗೆಳತಿಗೆ ದಾಟಿಸಿದಳು. ಆಗ ರೆಫ್ರಿ ಕೈ ಎತ್ತಿ ಕಾಯಬೇಕು. ತಪ್ಪು ಮಾಡಿದ ತಂಡಕ್ಕೆ ಬಿಲ್ಲೆ ಸಿಕ್ಕ ಮೇಲೆಯೇ ಸೀಟಿ. ಇವರು ಪರೀಕ್ಷಕರ ಮುಖ ನೋಡುತ್ತಾ ತಕ್ಷಣ ಊದಿಬಿಟ್ಟರು. ಮರುಕ್ಷಣ ಗೆಳತಿ ಹೊಡೆದ ಗೋಲು ರದ್ದಾಯಿತು, ಮಗಳ ತಂಡ ಸೋತಿತು.

"ಅಂಕಲ್, ಕಾಯ್ಬೇಕಿತ್ತು ಅಲ್ವಾ? ನೀವೇ ಹೇಳ್ಕೊಟ್ಟಿದ್ದು!" ಎಂದಳು ಮಗಳು.

"ರೂಲ್ ಅಂದ್ರೆ ರೂಲು ಕಣಮ್ಮ."

ಆದರೂ ಅವರಿಗೆ ಬಡ್ತಿ ಸಿಕ್ಕಿತು. ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು, ನಮ್ಮ ಮನೆಗೆ ಮಾತ್ರ ಎರಡು ತುಂಡು ಹೆಚ್ಚು. ಮಗಳು ಮುಟ್ಟಲಿಲ್ಲ, ನಾನು ತಿಂದೆ. ಆ ಎರಡು ತುಂಡು ಅವರ ಜಂಬಕ್ಕೋ ನಾಚಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.